ಕೈಯಲ್ಲಿ ತಳ್ಳೋದು ಫ್ರೀ ಅಂತ ಯಾರು ಹೇಳಿದ್ದು?

ಕ್ಯಾರವಾನ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಸಿನಿಮಾ ಶೂಟಿಂಗ್. ಹೀರೋ ಒಳಗೆ ಎಸಿಯಲ್ಲಿ ಕೂತಿರ್ತಾನೆ, ಹೊರಗೆ ಒಬ್ಬ ಛತ್ರಿ ಹಿಡ್ಕೊಂಡು ಕಾಯ್ತಿರ್ತಾನೆ. ನಾನು ಬರೀತಿರೋದು ಆ ಕ್ಯಾರವಾನ್ ಬಗ್ಗೆ ಅಲ್ಲ. ಇಂಗ್ಲೆಂಡಿನಲ್ಲಿ ಸಾಮಾನ್ಯ ಜನ ಕಾರಿನ ಹಿಂದೆ ಸಿಕ್ಕಿಸಿಕೊಂಡು ರಜೆಗೆ ಹೋಗುವ ಟೂರಿಂಗ್ ಕ್ಯಾರವಾನ್ ಬಗ್ಗೆ. ಅದಕ್ಕೆ ಎಂಜಿನ್ ಇಲ್ಲ, ಸ್ಟಿಯರಿಂಗ್ ಇಲ್ಲ. ಎರಡು ಚಕ್ರದ ಮೇಲೆ ಒಂದು ಪುಟ್ಟ ಮನೆ ಅಷ್ಟೆ. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಸಿಂಕ್, ಟಾಯ್ಲೆಟ್ ಎಲ್ಲಾ ಇರುತ್ತೆ. ಕಾರು ಎಳೆದರೆ ಹೋಗುತ್ತೆ, ಕಾರು ಬಿಚ್ಚಿದರೆ ನಿಂತಲ್ಲೇ ನಿಲ್ಲುತ್ತೆ.

ಪ್ರಶ್ನೆ ಶುರುವಾಗೋದು ಬಿಚ್ಚಿದ ಮೇಲೆ. ಕ್ಯಾಂಪ್‌ಸೈಟಿನ ಗುರುತು ಹಾಕಿದ ಜಾಗಕ್ಕೋ, ಮನೆ ಪಕ್ಕದ ಸಂದಿಗೋ ಅದನ್ನ ಕೊನೆಯ ಹತ್ತು ಮೀಟರ್ ಸರಿಸಬೇಕಲ್ಲ, ಆಗ ಏನು ಮಾಡೋದು? ಕೈಯಲ್ಲಿ ತಳ್ಳೋದಾ, ಇಲ್ಲಾ ಮೋಟಾರ್ ಮೂವರ್ ಹಾಕಿಸೋದಾ? ಅಲ್ಲಿನ ಕ್ಯಾರವಾನ್ ಜನರಲ್ಲಿ ಇದು ನಮ್ಮ ಹಾಸ್ಟೆಲ್ಲಿನ ಆಂಡ್ರಾಯ್ಡ್-ಐಫೋನ್ ಜಗಳದ ಥರ. ತಳ್ಳುವವರಿಗೆ ಮೂವರ್‌ನವರು ಸೋಮಾರಿಗಳು. ಮೂವರ್‌ನವರಿಗೆ ತಳ್ಳುವವರು ಹಟಮಾರಿಗಳು.

ನಾನು ಮೊದಲು ತಳ್ಳುವವರ ಪಾರ್ಟಿಯಲ್ಲಿದ್ದೆ. ಈಗ ಇಲ್ಲ. ಯಾಕೆ ಅಂತ ಹೇಳ್ತೀನಿ.

ಎರಡನೇ ಸೆಮಿಸ್ಟರ್ ಮುಗಿದ ಮೇಲೆ ರಜೆಯಲ್ಲಿ ಐದು ವಾರ ಚಿಕ್ಕಪ್ಪನ ಮನೆಯಲ್ಲಿದ್ದೆ. ಅವರಿರೋದು ಇಂಗ್ಲೆಂಡಿನ ಡರ್ಬಿ ಹತ್ತಿರ. ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ತಗೊಂಡಿದ್ದಾರೆ, ಸಾಮಾನು ತುಂಬಿದರೆ ಸುಮಾರು 1300 ಕೆಜಿ. ಪೀಕ್ ಡಿಸ್ಟ್ರಿಕ್ಟ್ ಬೆಟ್ಟಗಳು ಅಲ್ಲಿಂದ ಹತ್ತಿರ. ಹೊರಗಡೆ ತೆಗೆಯೋದು ಸುಲಭ, ಕಾರು ರಿವರ್ಸ್ ಬಂದು ಕೊಕ್ಕೆ ಸಿಕ್ಕಿಸ್ಕೊಂಡು ಎಳ್ಕೊಂಡು ಹೋಗುತ್ತೆ. ವಾಪಸ್ ಬಂದಾಗ ಒಳಗೆ ಹಾಕೋದೇ ಕಷ್ಟ. ಮನೆ ಮುಂದಿನ ರಸ್ತೆ ಇಕ್ಕಟ್ಟು, ಎದುರುಗಡೆ ಯಾವಾಗಲೂ ಕಾರು ನಿಂತಿರುತ್ತೆ. ರಸ್ತೆಯಿಂದ ಮನೆ ಕಡೆಗೆ ಡ್ರೈವ್‌ವೇ ಇಳಿಜಾರು. ಕಾರಿನಿಂದಲೇ ರಿವರ್ಸ್ ಹಾಕೋಣ ಅಂದ್ರೆ 90 ಡಿಗ್ರಿ ತಿರುಗೋಕೆ ಜಾಗ ಇಲ್ಲ. ಹಾಗಾಗಿ ರಸ್ತೆಯಲ್ಲೇ ಕಾರು ಬಿಚ್ಚಿ, ಕ್ಯಾರವಾನನ್ನ ಕೈಯಲ್ಲಿ ತಿರುಗಿಸಿ, ಹಿಂಭಾಗ ಮುಂದಾಗಿ ಇಳಿಜಾರಿನಲ್ಲಿ ನಿಧಾನಕ್ಕೆ ಇಳಿಸಬೇಕು.

ಮೊದಲ ವಾರಾಂತ್ಯ ನಾನೂ ಚಿಕ್ಕಪ್ಪನೂ ಸೇರಿ ಇಳಿಸಿದ್ವಿ. ಮೈಯೆಲ್ಲಾ ಬೆವರು, ಆದ್ರೆ ಒಂಥರಾ ಖುಷಿ. ಎದುರು ಮನೆಯ ತಾತ ಕಿಟಕಿಯಿಂದಲೇ ಹೆಬ್ಬೆರಳು ತೋರಿಸಿದರು. ರಾತ್ರಿ ಊಟಕ್ಕೆ ಕೂತಾಗ ಚಿಕ್ಕಮ್ಮ ಮೆತ್ತಗೆ "ಮೂವರ್ ಹಾಕಿಸೋಣ ಕಣ್ರೀ" ಅಂದರು. ಹಾಕಿಸೋಕೆ ಸಾವಿರ ಪೌಂಡ್ ಚಿಲ್ಲರೆ, ನಮ್ಮ ದುಡ್ಡಲ್ಲಿ ಲಕ್ಷದ ಮೇಲೆ. ನಾನು ದೊಡ್ಡ ಮನುಷ್ಯನ ಥರ ಲೆಕ್ಕ ಹಾಕಿದೆ. ವರ್ಷಕ್ಕೆ ಎಂಟು ಟ್ರಿಪ್, ಸಲಕ್ಕೆ ಹತ್ತು ಮೀಟರ್. 80 ಮೀಟರ್ ಸರಿಸೋಕೆ ಲಕ್ಷ ರೂಪಾಯಿನಾ? "ನಾವು ಇಬ್ಬರು ಗಂಡಸರು ಇಲ್ವಾ ಚಿಕ್ಕಮ್ಮ" ಅಂತ ಬೇರೆ ಹೇಳಿದೆ. ಚಿಕ್ಕಪ್ಪ ನಕ್ಕರು. ಚಿಕ್ಕಮ್ಮ ನಗಲಿಲ್ಲ. ಅದನ್ನ ನಾನು ಆಗ ಗಮನಿಸಲಿಲ್ಲ.

ಎರಡನೇ ಸಲ ಭಾನುವಾರ ಸಂಜೆ, ಸಣ್ಣಗೆ ಮಳೆ. ನಾನು ಮುಂದುಗಡೆ ಒಂದು ಹಿಡಿಕೆ ಹಿಡಿದಿದ್ದೆ, ಚಿಕ್ಕಪ್ಪ ಇನ್ನೊಂದು. ಚಿಕ್ಕಮ್ಮ ಹಿಂದೆ ಗ್ಯಾರೇಜ್ ಗೋಡೆ ಹತ್ತಿರ ನಿಂತು "ಬನ್ನಿ, ಬನ್ನಿ" ಅಂತ ದಾರಿ ತೋರಿಸ್ತಿದ್ರು. ಅರ್ಧ ದಾರಿಯಲ್ಲಿ ಚಿಕ್ಕಪ್ಪ "ಬ್ರೇಕ್ ಹಾಕು, ಚಕ್ರಕ್ಕೆ ಬೆಣೆ ತರ್ತೀನಿ" ಅಂದರು. ನಾನು ಕಾರಿನ ಹ್ಯಾಂಡ್‌ಬ್ರೇಕ್ ಎಳೆಯೋ ಹಾಗೆ ನಾಲ್ಕೈದು ಟಕಟಕ ಎಳೆದೆ. ಗಟ್ಟಿಯಾಯ್ತು ಅನ್ನಿಸ್ತು. ಇಬ್ಬರೂ ಕೈ ಬಿಟ್ವಿ.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅದು ಸದ್ದಿಲ್ಲದೆ ಹಿಂದಕ್ಕೆ ಹೊರಟಿತು. ಚಿಕ್ಕಪ್ಪ ಓಡಿ ಹಿಡಿಕೆ ಹಿಡಿದು ಜಗ್ಗಿದರು. ಚಿಕ್ಕಮ್ಮ ಪಕ್ಕಕ್ಕೆ ಹಾರಿದರು. ಕ್ಯಾರವಾನ್ ಹೋಗಿ ದೊಡ್ಡ ಕಸದ ಡಬ್ಬಿಯನ್ನ ಗೋಡೆಗೆ ಒತ್ತಿ ಚಪ್ಪಟೆ ಮಾಡಿ ನಿಂತಿತು. ಹಿಂದಿನ ಒಂದು ಲೈಟ್ ಪುಡಿ. ಆ ಡಬ್ಬಿ ಇದ್ದ ಜಾಗದಲ್ಲೇ ಎರಡು ಸೆಕೆಂಡ್ ಮುಂಚೆ ಚಿಕ್ಕಮ್ಮ ನಿಂತಿದ್ದರು.

ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಆದ್ರೆ ಚಿಕ್ಕಪ್ಪನ ಸೊಂಟ ಹಿಡ್ಕೊಂಡು ಮೂರು ದಿನ ನೆಲದ ಮೇಲೆ ಮಲಗಿದ್ದರು. ಶೂ ಲೇಸ್ ಕಟ್ಟೋಕೂ ಅವರ ಹನ್ನೊಂದು ವರ್ಷದ ಮಗಳು ಬರಬೇಕಿತ್ತು. ನಾನು ಆ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಬ್ರೇಕ್ ಎಳೆದಿದ್ದು ನಾನೇ ತಾನೆ.

ಎಳೆದಿದ್ದೆ, ಮತ್ತೆ ಯಾಕೆ ಹಿಡೀಲಿಲ್ಲ? ಇದನ್ನ ಓದಿ ತಿಳ್ಕೊಂಡಾಗ ಎಂಜಿನಿಯರಿಂಗ್ ಸ್ಟೂಡೆಂಟ್ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ಈ ಕ್ಯಾರವಾನ್‌ಗಳಲ್ಲಿ ಇರೋದು ಓವರ್‌ರನ್ ಬ್ರೇಕ್. ಮುಂದಿರುವ ಕಾರು ನಿಧಾನ ಆದಾಗ ಕ್ಯಾರವಾನ್ ಹಿಂದಿನಿಂದ ಒತ್ತುತ್ತೆ. ಆ ಒತ್ತಡಕ್ಕೆ ಕೊಕ್ಕೆಯ ಹಿಂದಿರೋ ಶಾಫ್ಟ್ ಒಳಗೆ ಸರಿದು ಬ್ರೇಕಿನ ಕೇಬಲ್ ಎಳೆಯುತ್ತೆ. ಕರೆಂಟ್ ಬೇಡ, ಎಣ್ಣೆ ಬೇಡ, ತುಂಬಾ ಜಾಣ ಡಿಸೈನ್. ಒಂದೇ ತೊಂದರೆ ಏನಂದ್ರೆ ಕಾರು ರಿವರ್ಸ್ ಹೋದಾಗಲೂ ಶಾಫ್ಟ್ ಹಾಗೇ ಒತ್ತಿಕೊಳ್ಳುತ್ತೆ, ಬ್ರೇಕ್ ಹಿಡ್ಕೊಂಡ್ರೆ ರಿವರ್ಸ್ ಹೋಗೋಕೇ ಆಗಲ್ಲ. ಅದಕ್ಕೆ ಆಟೋ ರಿವರ್ಸ್ ಅಂತ ಇಟ್ಟಿದ್ದಾರೆ. ಚಕ್ರ ಹಿಂದಕ್ಕೆ ತಿರುಗಿದ್ರೆ ಬ್ರೇಕ್ ಶೂ ತಾನಾಗೇ ಸಡಿಲ ಆಗುತ್ತೆ.

ಈಗ ನಮ್ಮ ಇಳಿಜಾರು ನೆನಪಿಸ್ಕೊಳ್ಳಿ. ನಾವು ಕ್ಯಾರವಾನನ್ನ ಹಿಂದಕ್ಕೆ ಇಳಿಸ್ತಿದ್ವಿ. ಅಂದ್ರೆ ಬ್ರೇಕ್ ಯಾವ ದಿಕ್ಕಿನಲ್ಲಿ ಸಡಿಲ ಆಗ್ಬೇಕು ಅಂತಲೇ ಮಾಡಿದ್ದಾರೋ ಅದೇ ದಿಕ್ಕು. ಹ್ಯಾಂಡ್‌ಬ್ರೇಕ್ ಲಿವರನ್ನ ಪೂರ್ತಿ ಮೇಲಕ್ಕೆ, ನೆಟ್ಟಗೆ ನಿಲ್ಲೋವರೆಗೂ ಎಳೀಬೇಕು. ಆಗ ಚಕ್ರ ಸ್ವಲ್ಪ ಹಿಂದೆ ಉರುಳಿದರೂ ಒಳಗಿನ ಸ್ಪ್ರಿಂಗ್ ಆ ಸಡಿಲವನ್ನ ಎಳ್ಕೊಂಡು ಮತ್ತೆ ಬಿಗಿ ಹಿಡಿಯುತ್ತೆ. ನನ್ನ ನಾಲ್ಕೈದು ಟಕಟಕ ಸಾಕಾಗಲಿಲ್ಲ. ಮತ್ತೆ ಬೆಣೆ ತರೋಕೆ ಹೋಗೋದಲ್ಲ, ಬೆಣೆ ಮೊದಲೇ ಕೈಯಲ್ಲಿರಬೇಕು. ನಮ್ಮ ಕಡೆ ತೇರು ಎಳೆಯೋವಾಗ ಚಕ್ರದ ಪಕ್ಕದಲ್ಲೇ ಮರದ ತುಂಡು ಹಿಡ್ಕೊಂಡು ನಡೆಯೋರು ಇರ್ತಾರಲ್ಲ, ಅವರಿಗೆ ಗೊತ್ತಿರೋದು ನನಗೆ ಗೊತ್ತಿರಲಿಲ್ಲ.

"ಸರಿ, ಬ್ರೇಕ್ ಸರಿಯಾಗಿ ಹಾಕೋದು ಕಲಿತರೆ ಆಯ್ತಲ್ಲ, ಮೂವರ್ ಯಾಕೆ?" ಅಂತ ನೀವು ಕೇಳಬಹುದು. ನಾನೂ ಕೇಳ್ಕೊಂಡೆ. ಅದಕ್ಕೆ ಸ್ವಲ್ಪ ಮೆಕ್ಯಾನಿಕ್ಸ್ ಮಾಡೋಣ, ಭಯ ಬೇಡ, ಫಸ್ಟ್ ಇಯರ್‌ದೇ.

ಒಳ್ಳೆ ಟಾರಿನ ಮೇಲೆ ರೋಲಿಂಗ್ ರೆಸಿಸ್ಟೆನ್ಸ್ ಸುಮಾರು 0.015 ಅಂತ ಹಿಡಿಯಿರಿ. 1300 ಕೆಜಿ ಕ್ಯಾರವಾನನ್ನ ಸಮತಟ್ಟು ಜಾಗದಲ್ಲಿ ಸರಿಸೋಕೆ 190 ನ್ಯೂಟನ್ ಬೇಕು, ಅಂದ್ರೆ ಹತ್ತಿರ ಹತ್ತಿರ 20 ಕೆಜಿ ತೂಕದಷ್ಟು ಬಲ. ಕೇಳೋಕೆ ಕಮ್ಮಿ. ಆದ್ರೆ ಬ್ರಿಟನ್ನಿನ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯೂಟಿವ್ ಕೆಲಸದ ಜಾಗಗಳಿಗೆ ಕೊಟ್ಟಿರೋ ಮಾರ್ಗಸೂಚಿ ನೋಡಿ. ತಳ್ಳೋಕೆ ಶುರು ಮಾಡೋವಾಗ ಇಲ್ಲಾ ನಿಲ್ಲಿಸೋವಾಗ ಗಂಡಸಿಗೆ 20 ಕೆಜಿ, ಹೆಂಗಸಿಗೆ 15 ಕೆಜಿ. ತಳ್ತಾ ಇರೋಕೆ 10 ಮತ್ತು 7. ಇದು ಕಾನೂನಿನ ಮಿತಿ ಅಲ್ಲ, ಇದನ್ನ ದಾಟಿದ್ರೆ ಸ್ವಲ್ಪ ಯೋಚನೆ ಮಾಡಿ ಅನ್ನೋ ಗೆರೆ. ಅಂದ್ರೆ ಸಮತಟ್ಟು ಟಾರಿನ ಮೇಲೂ ಒಬ್ಬರೇ ತಳ್ಳಿದರೆ ಆ ಗೆರೆ ದಾಟಿರ್ತೀವಿ. ಮೆತ್ತಗಿನ ಹುಲ್ಲಿನ ಮೇಲೆ ಬೇಕಾಗುವ ಬಲ ಇದರ ಹಲವು ಪಟ್ಟು.

ಈಗ ಶೇಕಡಾ 6ರ ಇಳಿಜಾರು ಸೇರಿಸಿ. ನಡೆಯೋವಾಗ ಇಳಿಜಾರು ಅಂತ ಅನ್ನಿಸೋದೂ ಇಲ್ಲ, ಅಷ್ಟು ಕಮ್ಮಿ. ಗುರುತ್ವದ ಪಾಲು 760 ನ್ಯೂಟನ್. ಮೇಲಕ್ಕೆ ತಳ್ಳೋದಾದ್ರೆ ಒಟ್ಟು 950, ಹತ್ತಿರ ಹತ್ತಿರ 100 ಕೆಜಿ ಬಲ. ಕೆಳಗೆ ಇಳಿಸೋದಾದ್ರೆ ರೆಸಿಸ್ಟೆನ್ಸ್ ಕಳೆದು 570, ಅಂದ್ರೆ 58 ಕೆಜಿಯಷ್ಟು ನಿಮ್ಮನ್ನೇ ಎಳ್ಕೊಂಡು ಹೋಗ್ತಿರುತ್ತೆ. ಕೈ ತಪ್ಪಿ ಆರು ಮೀಟರ್ ಉರುಳಿದ್ರೆ ವೇಗ ಸೆಕೆಂಡಿಗೆ 2.3 ಮೀಟರ್. ಜಾಗಿಂಗ್ ಮಾಡೋ ವೇಗ. ಆದ್ರೆ ಜಾಗಿಂಗ್ ಮಾಡ್ತಿರೋದು 1300 ಕೆಜಿ. ಅದನ್ನ ಕೈಯಲ್ಲಿ ನಿಲ್ಲಿಸೋದು ಧೈರ್ಯ ಅಲ್ಲ.

ಮೂವರ್ ಏನು ಮಾಡುತ್ತೆ? ಚಾಸಿಗೆ ಎರಡು ಮೋಟಾರ್ ಬೋಲ್ಟ್ ಮಾಡಿರ್ತಾರೆ, ಒಂದೊಂದು ಚಕ್ರಕ್ಕೆ ಒಂದೊಂದು. ಮೋಟಾರಿನ ತುದಿಯ ಅಲ್ಯುಮಿನಿಯಂ ರೋಲರ್ ಟೈರಿಗೆ ಒತ್ತಿಕೊಂಡು ಅದನ್ನ ತಿರುಗಿಸುತ್ತೆ. ಕ್ಯಾರವಾನಿನ ಒಳಗಿರೋ 12 ವೋಲ್ಟ್ ಬ್ಯಾಟರಿಯಿಂದಲೇ ನಡೆಯುತ್ತೆ. ಕೈಯಲ್ಲಿ ರಿಮೋಟ್. ಎರಡೂ ಮೋಟಾರ್ ಒಂದೇ ಕಡೆ ತಿರುಗಿದ್ರೆ ನೇರ, ಒಂದು ಮುಂದೆ ಒಂದು ಹಿಂದೆ ತಿರುಗಿದ್ರೆ ನಿಂತಲ್ಲೇ ಗಿರಕಿ. ಟೆಕ್ ಫೆಸ್ಟಿಗೆ ನಾವು ಮಾಡೋ ಲೈನ್ ಫಾಲೋವರ್ ರೋಬೋ ಇದೆಯಲ್ಲ, ಅದೇ ಲಾಜಿಕ್, ತೂಕ ಮಾತ್ರ ಜಾಸ್ತಿ.

ವೇಗ ಸೆಕೆಂಡಿಗೆ 15 ಸೆಂಟಿಮೀಟರ್ ಆಸುಪಾಸು, ಆಮೆ ನಡಿಗೆ. ಅದೇ ಅದರ ಒಳ್ಳೇ ಗುಣ. 950 ನ್ಯೂಟನ್ ಬಲವನ್ನ ಆ ವೇಗದಲ್ಲಿ ಕೊಡೋಕೆ ಬೇಕಾಗಿರೋದು 143 ವಾಟ್ ಅಷ್ಟೇ. ಗೇರ್‌ನಲ್ಲಿ ಅರ್ಧ ಪೋಲಾಯ್ತು ಅಂದ್ಕೊಂಡ್ರೂ 12 ವೋಲ್ಟಿನಲ್ಲಿ 24 ಆಂಪಿಯರ್. ಹತ್ತು ನಿಮಿಷ ಆಟ ಆಡಿದ್ರೂ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 4 ಖರ್ಚು. ಬಟನ್ ಬಿಟ್ರೆ ಗೇರ್‌ಬಾಕ್ಸ್ ಟೈರನ್ನ ಅಲ್ಲೇ ಹಿಡ್ಕೊಳ್ಳುತ್ತೆ. ಹಿಂದಕ್ಕೂ ಹಾಗೇ, ಮುಂದಕ್ಕೂ ಹಾಗೇ. ಅದಕ್ಕೆ ಆಟೋ ರಿವರ್ಸ್‌ನ ಗೊಂದಲ ಇಲ್ಲ.

ಎದುರು ಮನೆ ತಾತನ ವಾದವನ್ನೂ ಹೇಳಬೇಕು, ಇಲ್ಲಾಂದ್ರೆ ಮೋಸ ಆಗುತ್ತೆ. ಅವರು ಮೂವತ್ತು ವರ್ಷದಿಂದ ಕೈಯಲ್ಲೇ ತಳ್ತಿದ್ದಾರೆ. "ಮೂವರ್ ಅಂದ್ರೆ 30 ಕೆಜಿ ತೂಕ, ಅಷ್ಟು ಸಾಮಾನು ಕಮ್ಮಿ ಹೊರಬೇಕು. ಚಳಿಗಾಲದಲ್ಲಿ ಬ್ಯಾಟರಿ ಸತ್ತಿದ್ರೆ ಅದೂ ಸತ್ತ ಹಾಗೆ. ಒದ್ದೆ ಹುಲ್ಲಿನಲ್ಲಿ ಚಕ್ರ ಸುಮ್ಮನೆ ಜಾರುತ್ತೆ. ಹೊರಡೋವಾಗ ರೋಲರ್ ಬಿಡಿಸೋದು ಮರೆತರೆ ಟೈರೂ ಹಾಳು, ಮೂವರೂ ಹಾಳು." ಎಲ್ಲವೂ ನಿಜ. ಇನ್ನೊಂದು ಮಾತು ಹೇಳಿದರು. ಕ್ಯಾಂಪ್‌ಸೈಟಿನಲ್ಲಿ ಯಾರಾದರೂ ತಳ್ಳೋಕೆ ಶುರು ಮಾಡಿದ್ರೆ ಪಕ್ಕದವರು ಟೀ ಕಪ್ ಕೆಳಗಿಟ್ಟು ಬಂದು ಕೈ ಹಚ್ಚುತ್ತಾರಂತೆ. ಗೆಳೆತನ ಶುರುವಾಗೋದೇ ಅಲ್ಲಿಂದ. ರಿಮೋಟ್ ಹಿಡ್ಕೊಂಡವನ ಹತ್ತಿರ ಯಾರು ಬರ್ತಾರೆ ಅಂತ ಕೇಳಿದರು. ಇದು ನನಗೂ ನಾಟಿತು. ನಾವು ಹೋದ ಕಡೆಯೂ ಗುರುತಿಲ್ಲದ ಇಬ್ಬರು ಬಂದು ತಳ್ಳಿಕೊಟ್ಟಿದ್ದರು.

ಆದ್ರೆ ತಾತನ ಕ್ಯಾರವಾನ್ ಪುಟ್ಟದು, ಹೆಚ್ಚೆಂದರೆ 800 ಕೆಜಿ. ಅವರ ಮನೆ ಮುಂದೆ ಚಪ್ಪಟೆ ಕಾಂಕ್ರೀಟು. ಅವರ ಲೆಕ್ಕ ಅವರಿಗೆ ಸರಿ. ಅದನ್ನ ಎಲ್ಲರಿಗೂ ನಿಯಮ ಮಾಡಿದಾಗಲೇ ತಪ್ಪಾಗೋದು.

ನನ್ನ ನಿಜವಾದ ತಕರಾರು ಇರೋದು "ಕೈಯಲ್ಲಿ ತಳ್ಳೋದು ಫ್ರೀ" ಅನ್ನೋ ಮಾತಿನ ಬಗ್ಗೆ. ಆ ಲೆಕ್ಕದಲ್ಲಿ ಯಾರ ಕೈ ಅಂತ ಬರೆದಿರಲ್ಲ. ರಜೆಯ ಮಜಾಕ್ಕಂತಲೇ ಮಾಡಿಸಿದ ಮೊದಲ ಕ್ಯಾರವಾನ್ ಅಂತ ಹೇಳೋದು 1885ರಲ್ಲಿ ಬ್ರಿಸ್ಟಲ್‌ನಲ್ಲಿ ಕಟ್ಟಿದ 'ವಾಂಡರರ್' ಅನ್ನು. ಗಾರ್ಡನ್ ಸ್ಟೇಬಲ್ಸ್ ಅನ್ನೋ ನೌಕಾಪಡೆಯ ನಿವೃತ್ತ ಡಾಕ್ಟರ್ ಮಾಡಿಸಿಕೊಂಡಿದ್ದು. ಎಳೆಯೋಕೆ ಎರಡು ಕುದುರೆ. ಜೊತೆಗೆ ಗಾಡಿ ಹೊಡೆಯೋಕೆ ಒಬ್ಬ, ಸೇವೆಗೆ ಒಬ್ಬ. ಅವರಿಗೆ ಕ್ಯಾರವಾನ್ ಸರಿಸೋದು ಸಮಸ್ಯೆನೇ ಆಗಿರಲಿಕ್ಕಿಲ್ಲ, ಯಾಕಂದ್ರೆ ಕೈಗಳು ಬೇರೆಯವರದ್ದು. ನಮ್ಮ ಮನೆಯಲ್ಲೂ ಅಷ್ಟೇ ಆಗಿದ್ದು. 80 ಮೀಟರಿಗೆ ಲಕ್ಷ ಅಂತ ನಾನು ಲೆಕ್ಕ ಹಾಕಿದಾಗ ಚಿಕ್ಕಪ್ಪನ 52 ವರ್ಷದ ಸೊಂಟಕ್ಕೆ ಸೊನ್ನೆ ರೂಪಾಯಿ ಅಂತ ಹಿಡಿದಿದ್ದೆ.

ಚಿಕ್ಕಮ್ಮನನ್ನಂತೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರು ಐದಡಿ ಎತ್ತರ. ಕಾರು ಚೆನ್ನಾಗಿ ಓಡಿಸ್ತಾರೆ, ಚಿಕ್ಕಪ್ಪನಿಗಿಂತ ಚೆನ್ನಾಗಿ ಅಂತ ಮಗಳ ಅಭಿಪ್ರಾಯ. ಅಲ್ಲಿ 1997ರಿಂದ ಈಚೆಗೆ ಕಾರಿನ ಲೈಸೆನ್ಸ್ ತಗೊಂಡವರಿಗೆ ದೊಡ್ಡ ಟ್ರೇಲರ್ ಎಳೆಯೋಕೆ ಇನ್ನೊಂದು ಪರೀಕ್ಷೆ ಇತ್ತು. 2021ರ ಡಿಸೆಂಬರಿನಲ್ಲಿ ಅದನ್ನ ತೆಗೆದುಹಾಕಿದರು. ಈಗ ಕಾರಿನ ಲೈಸೆನ್ಸ್ ಇದ್ದವರು 3500 ಕೆಜಿವರೆಗಿನ ಟ್ರೇಲರ್ ಎಳೆಯಬಹುದು. ಅಂದ್ರೆ ಕಾನೂನಿನ ಪ್ರಕಾರ ಚಿಕ್ಕಮ್ಮ ಯಾವತ್ತು ಬೇಕಾದ್ರೂ ಮಗಳನ್ನ ಕರ್ಕೊಂಡು ಹೊರಡಬಹುದಿತ್ತು. ಆದ್ರೆ ಎಂದೂ ಹೋಗಿರಲಿಲ್ಲ. ಯಾಕೆ ಅಂತ ಕೇಳಿದಾಗ ಹೇಳಿದ್ದು ಇಷ್ಟೇ: "ಹೋಗೋದೇನೋ ಹೋಗ್ತೀನಪ್ಪ. ಬಂದ ಮೇಲೆ ಒಳಗೆ ಹಾಕೋಕೆ ಯಾರನ್ನ ಕಾಯ್ಲಿ?" ಚಿಕ್ಕಪ್ಪ ಕೆಲಸದ ಮೇಲೆ ತಿಂಗಳಲ್ಲಿ ಹತ್ತು ದಿನ ಊರಲ್ಲಿರಲ್ಲ. ಮೂವರ್ ಹಾಕಿಸೋಣ ಅಂತ ಆವತ್ತು ಅವರು ಕೇಳಿದ್ದು ಯಾಕೆ ಅಂತ ಆಗ ಅರ್ಥ ಆಯ್ತು. "ಇಬ್ಬರು ಗಂಡಸರು ಇಲ್ವಾ" ಅನ್ನೋದು ಉತ್ತರ ಆಗಿರಲಿಲ್ಲ. ಅವರ ತೊಂದರೆನೇ ಅದಾಗಿತ್ತು.

ನಾಲ್ಕನೇ ವಾರ ಮೂವರ್ ಬಂತು. ಹಾಕೋಕೆ ಬಂದವರ ಪಕ್ಕದಲ್ಲೇ ಕೂತು ನೋಡಿದೆ. ಟೈರಿಗೂ ರೋಲರಿಗೂ ಎಷ್ಟು ಅಂತರ ಇರಬೇಕು ಅಂತ ಅಳೆದು ತೋರಿಸಿದರು. ಟೈರಿನ ಗಾಳಿ ಕಮ್ಮಿ ಆದ್ರೆ ರೋಲರ್ ಸರಿಯಾಗಿ ಹಿಡಿಯಲ್ಲ, ಅದನ್ನ ನೋಡ್ಕೊಳ್ಳಿ ಅಂದರು. ಮೂವರನ್ನ ಪಾರ್ಕಿಂಗ್ ಬ್ರೇಕ್ ಅಂದ್ಕೋಬೇಡಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು ಬೆಣೆ ಕೊಟ್ಟ ಮೇಲೇ ರೋಲರ್ ಬಿಡಿಸಿ ಅಂತ ಎರಡು ಸಲ ಹೇಳಿದರು. ನಾನು ಮೂರನೇ ಸಲ ಚಿಕ್ಕಮ್ಮನಿಗೆ ಹೇಳಿದೆ.

ಮುಂದಿನ ಭಾನುವಾರ ಅವರೇ ಇಳಿಸಿದರು. ಗೋಡೆ ಹತ್ತಿರ ಯಾರೂ ನಿಲ್ಲಬೇಕಾಗಿರಲಿಲ್ಲ. ರಿಮೋಟ್ ಹಿಡ್ಕೊಂಡು ಎರಡೂ ಮೂಲೆ ಕಾಣೋ ಕಡೆ ಪಕ್ಕದಲ್ಲಿ ನಿಂತರು, ಸ್ವಲ್ಪ ಇಳಿಸಿದರು, ನಿಲ್ಲಿಸಿದರು, ಆ ಕಡೆ ಹೋಗಿ ನೋಡಿದರು, ಮತ್ತೆ ಇಳಿಸಿದರು. ನಾನು ಬೆಣೆ ಹಿಡ್ಕೊಂಡು ಚಕ್ರದ ಹತ್ತಿರ ಹೋದಾಗ "ಅದು ನಿಂತ ಮೇಲೆ ಬಾ, ಈಗ ಆ ಕಡೆ ನಿಲ್ಲು" ಅಂತ ಗದರಿದರು. ಆರು ನಿಮಿಷ ಹಿಡೀತು. ನಾವು ತಳ್ಳಿದಾಗ ಮೂರು ನಿಮಿಷದ ಕೆಲಸ. ಮೂವರ್ ನಿಧಾನ ಅನ್ನೋದೂ ನಿಜ.

ಹಾಗಾದ್ರೆ ನನ್ನ ತೀರ್ಮಾನ ಏನು? ಎಲ್ಲರೂ ಮೂವರ್ ಹಾಕಿಸಿ ಅಂತ ಅಲ್ಲ. ಜಾಗ ಚಪ್ಪಟೆ ಇದ್ದು, ಕ್ಯಾರವಾನ್ ಹಗುರ ಇದ್ದು, ತಳ್ಳೋರು ಇಬ್ಬರಿದ್ರೆ ಆರಾಮಾಗಿ ತಳ್ಳಿ. ಕಾರಿನಿಂದಲೇ ರಿವರ್ಸ್ ಹಾಕೋಕೆ ಜಾಗ ಇದ್ರೆ ಅದನ್ನ ಕಲಿಯಿರಿ, ಅದಕ್ಕೆ ಒಂದು ರೂಪಾಯೂ ಖರ್ಚಿಲ್ಲ. ಮೂವರ್ ಇದ್ರೂ ಒಂದು ಸಲ ಸಮತಟ್ಟು ಜಾಗದಲ್ಲಿ ಕೈಯಲ್ಲಿ ತಳ್ಳಿ ನೋಡಿ, ಬ್ರೇಕ್ ಹೇಗೆ ಹಿಡಿಯುತ್ತೆ ಅಂತ ತಿಳ್ಕೊಳ್ಳಿ. ಬ್ಯಾಟರಿ ಸತ್ತ ದಿನ ಅದು ಬೇಕಾಗುತ್ತೆ. ಆದ್ರೆ ಇಳಿಜಾರಿದ್ರೆ, ತೂಕ ಇದ್ರೆ, ಇಲ್ಲಾ ಮನೆಯಲ್ಲಿ ಒಬ್ಬರಾದರೂ "ನನ್ನ ಕೈಲಿ ಆಗಲ್ಲ" ಅಂತ ಹೋಗದೆ ಉಳ್ಕೊಂಡಿದ್ರೆ ಮೂವರ್ ಹಾಕಿಸಿ. ಅದು ಸೋಮಾರಿತನ ಅಲ್ಲ.

ನಾಳೆ ನಾವೂ ಏನೇನೋ ಡಿಸೈನ್ ಮಾಡ್ತೀವಿ. ಕಾಸ್ಟ್ ಶೀಟಿನಲ್ಲಿ 'ಮ್ಯಾನುಯಲ್' ಅಂತ ಬರೆದು ಪಕ್ಕದಲ್ಲಿ ಸೊನ್ನೆ ಹಾಕೋ ಮುಂಚೆ ಆ ಕೆಲಸ ಯಾರು ಮಾಡ್ತಾರೆ, ಯಾರಿಗೆ ಮಾಡೋಕಾಗಲ್ಲ ಅಂತ ಒಂದು ಸಲ ಕೇಳ್ಕೊಂಡ್ರೆ ಒಳ್ಳೇದು. ನಾನು ಕೇಳಿರಲಿಲ್ಲ, ಒಂದು ಕಸದ ಡಬ್ಬಿ ನನಗೆ ಕಲಿಸಿತು.

ಮೊನ್ನೆ ಚಿಕ್ಕಮ್ಮ ಫೋಟೋ ಕಳಿಸಿದ್ದರು. ಪೀಕ್ ಡಿಸ್ಟ್ರಿಕ್ಟ್, ಹಿಂದೆ ಹಸಿರು ಬೆಟ್ಟ, ಕ್ಯಾರವಾನ್ ಬಾಗಿಲಲ್ಲಿ ಅವರೂ ಮಗಳೂ ಉಪ್ಪಿಟ್ಟು ತಿಂತಾ ಕೂತಿದ್ದಾರೆ. ಚಿಕ್ಕಪ್ಪ ಫೋಟೋದಲ್ಲಿಲ್ಲ, ಆ ವಾರ ಅವರು ಊರಲ್ಲಿರಲಿಲ್ಲ. ನಾನು ಜೂಮ್ ಮಾಡಿ ಮೊದಲು ನೋಡಿದ್ದು ಚಕ್ರ. ಬೆಣೆ ಇತ್ತು.